ಪಾಳು ಬಂಗಲೆಗೂ ಯಜಮಾನರಿದ್ದಾರೆ

ಪಾಳುಬಿದ್ದ ಎಸ್ಟೇಟ್ ಬಂಗಲೆಗಳನ್ನು ಹುಡುಕಿಕೊಂಡು ಗೆಳೆಯರ ಜೊತೆ ಸಕಲೇಶಪುರದ ಕಡೆ ಹೊರಟಿದ್ದೀಯಂತೆ. ಬೇಡ ಅನ್ನುವವನಲ್ಲ ನಾನು. ಹಳೆಯ ಮನೆ ನೋಡಬೇಕು, ಅಲ್ಲಿ ಯಾರು ಬದುಕಿದ್ದರು ಅಂತ ತಿಳಿಯಬೇಕು ಅನ್ನುವ ಆಸೆ ಒಳ್ಳೆಯದೇ. ಆದರೆ ಬೇಲಿ ಹಾರಿ ಹೋಗಬೇಡ, ಕೇಳಿಕೊಂಡು ಹೋಗು. ಕದ್ದು ನುಗ್ಗಿದವರಿಗೆ ಮುರಿದ ಗೋಡೆ ಕಾಣುತ್ತದೆ, ಕೇಳಿ ಹೋದವರಿಗೆ ಮನೆ ಕಾಣುತ್ತದೆ. ಈ ಒಂದು ಮಾತು ನಿನ್ನ ತಲೆಯಲ್ಲಿ ಕೂರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಯಾರದ್ದೂ ಅಲ್ಲದ ಬಂಗಲೆ ಅಂತ ಒಂದೂ ಇಲ್ಲ. ಬಾಗಿಲು ಬಿದ್ದಿರಬಹುದು, ಅಂಗಳದಲ್ಲಿ ಲಂಟಾನ ಆಳೆತ್ತರ ಬೆಳೆದಿರಬಹುದು, ಪಹಣಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ. ದಿಶಾಂಕ್ ಆ್ಯಪ್ ತೆರೆದರೆ ನೀನು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ಭೂಮಿ ಜಾಲತಾಣದಲ್ಲಿ ಪಹಣಿ ನೋಡಿದರೆ ಯಜಮಾನರು ಯಾರೆಂದು ತಿಳಿಯುತ್ತದೆ. ಕೆಲವು ಪಹಣಿಗಳಲ್ಲಿ ಅಣ್ಣ, ತಮ್ಮ, ತಂಗಿ, ಅವರ ಮಕ್ಕಳು ಅಂತ ಹೆಸರುಗಳ ಸಾಲೇ ಇರುತ್ತದೆ. ಆ ಸಾಲು ನೋಡಿದ ಕೂಡಲೇ ಮನೆ ಯಾಕೆ ಹಾಳಾಯಿತು ಅನ್ನುವುದು ಅರ್ಧ ಅರ್ಥವಾಗುತ್ತದೆ: ಪಾಲಿನ ದಾವೆ ಕೋರ್ಟಿನಲ್ಲಿದೆ, ತೀರ್ಪು ಬರುವ ತನಕ ಯಾರೂ ಒಂದು ಹೆಂಚನ್ನೂ ಬದಲಿಸುವುದಿಲ್ಲ.

ಉಳಿದರ್ಧ ಕಾರಣ ಕಾಫಿಯದು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ ದರ ಕುಸಿಯಿತು. 2000ದ ಆಚೀಚೆ ಇನ್ನೊಮ್ಮೆ ಪಾತಾಳ ಕಂಡಿತು. ಅದರ ಮೇಲೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ, ಕೆಲಸಕ್ಕೆ ಆಳಿಲ್ಲ, ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಅಮೆರಿಕದಲ್ಲಿ. ದೊಡ್ಡ ಬಂಗಲೆಯನ್ನು ಒಂದು ಮಳೆಗಾಲ ದಾಟಿಸುವುದಕ್ಕೇ ಬೇಕಾದಷ್ಟು ದುಡ್ಡು ಬೇಕು. ಆ ದುಡ್ಡು ಹುಟ್ಟದ ಮನೆಯವರು ಬೀಗ ಹಾಕಿಕೊಂಡು ಹೊರಟುಹೋದರು. ನೀನು ತಮಾಷೆಗೆಂದು ಕಾಲಿಡುವ ಜಾಗ ಯಾರದೋ ಸಂಕಟ ಅನ್ನುವುದು ನೆನಪಿರಲಿ.

ಯಾರನ್ನು ಕೇಳುವುದು ಅಂತೀಯಾ? ಯಜಮಾನರು ದೂರದಲ್ಲಿದ್ದರೂ ತೋಟಕ್ಕೆ ಒಬ್ಬ ರೈಟರ್ ಇರುತ್ತಾರೆ, ಇಲ್ಲದಿದ್ದರೆ ಹಳೆಯ ಮೇಸ್ತ್ರಿ ಇರುತ್ತಾರೆ. ಅವರೂ ಇಲ್ಲದಿದ್ದರೆ ಪಕ್ಕದ ತೋಟದವರು, ಗ್ರಾಮ ಪಂಚಾಯ್ತಿಯವರು. ಊರಿನ ಚಹಾದಂಗಡಿಯಲ್ಲಿ ಕೂತು ನೀನು ಯಾರು, ಯಾವ ಊರು, ಯಾಕೆ ಬಂದೆ ಅಂತ ಮೊದಲೇ ಹೇಳಿಬಿಡು. ಮುಚ್ಚಿದ ಮನೆಯ ಸುತ್ತ ಬ್ಯಾಗು, ಟಾರ್ಚು ಹಿಡಿದು ಸುಳಿದಾಡುವ ಅಪರಿಚಿತರನ್ನು ಕಂಡರೆ ಹಳ್ಳಿಯವರು ನಿಧಿಗಳ್ಳರು ಅಂತಲೇ ತಿಳಿಯುವುದು. ಅವರದೇನೂ ತಪ್ಪಿಲ್ಲ. ಹಳೆಯ ದೇವಸ್ಥಾನ, ಹಳೆಯ ಮನೆಗಳ ನೆಲ ಅಗೆದುಹೋದವರನ್ನು ಅವರು ಕಂಡಿದ್ದಾರೆ. ಕಾನೂನೂ ನಿನ್ನ ಪರವಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶಕ್ಕೆ ಸಂಬಂಧಿಸಿದ್ದು, ಮನೆಯೊಳಗೆ ಅತಿಕ್ರಮವಾಗಿ ನುಗ್ಗಿದ್ದು ಸಾಬೀತಾದರೆ ಒಂದು ವರ್ಷದವರೆಗೆ ಸಜೆಯಿದೆ. ನಿನ್ನ ಉದ್ದೇಶ ಕೆಟ್ಟದ್ದಲ್ಲ ಅಂತ ಠಾಣೆಯ ಬೆಂಚಿನ ಮೇಲೆ ಕೂತು ವಿವರಿಸುವುದಕ್ಕಿಂತ ಉಣುಗೋಲಿನ ಹೊರಗೆ ನಿಂತು ಕೇಳುವುದು ಸುಲಭ.

ಕೇಳಿದ್ದಕ್ಕೆ ಸಿಗುವ ಲಾಭ ದೊಡ್ಡದು. ಆ ಹಳೆಯ ಮೇಸ್ತ್ರಿ ನಿನ್ನ ಜೊತೆ ಬರುತ್ತಾರೆ. ಯಾವ ಮೆಟ್ಟಿಲು ಕುಸಿದಿದೆ, ಯಾವ ಮೂಲೆಯಲ್ಲಿ ಹೆಜ್ಜೇನು ಕಟ್ಟಿದೆ, ಬಾವಿ ಎಲ್ಲಿ ಗಿಡಗಂಟಿಯಲ್ಲಿ ಮುಚ್ಚಿಹೋಗಿದೆ ಅನ್ನುವುದು ಅವರಿಗೆ ಗೊತ್ತು. ನಿನ್ನೆ ರಾತ್ರಿ ಆನೆ ಎಲ್ಲಿತ್ತು ಅನ್ನುವುದೂ ಗೊತ್ತು. ಸಕಲೇಶಪುರ, ಆಲೂರು ಸೀಮೆಯಲ್ಲಿ ಕೆಲಸ ನಿಂತು ಪೊದೆ ಬೆಳೆದ ತೋಟವೆಂದರೆ ಆನೆಗಳು ಹಗಲು ಹೊತ್ತು ನಿಲ್ಲುವ ಜಾಗ. ಹತ್ತು ಮಾರು ದೂರದಲ್ಲಿದ್ದರೂ ಆ ಪೊದೆಯಲ್ಲಿ ನಿನ್ನ ಕಣ್ಣಿಗೆ ಬೀಳುವುದಿಲ್ಲ ಮಾರಾಯ. ಮೇಸ್ತ್ರಿ ಇವತ್ತು ಬೇಡ ಅಂದರೆ ಮರುಮಾತಾಡದೆ ವಾಪಸು ಬಾ.

ಇನ್ನು ಮನೆಯನ್ನು ಓದುವುದು ಹೇಗೆ ಅಂತ ಹೇಳುತ್ತೇನೆ, ನಿನ್ನ ಜೀವ ಉಳಿಸುವ ಪಾಠವೂ ಅದೇ. ಮಲೆನಾಡಿನ ಮನೆ ಸಾಯುವುದು ಮಾಡಿನಿಂದ. ಕೊಂಬೆ ಬಿದ್ದೋ ಮಂಗ ಹಾರಿಯೋ ಒಂದು ಮಂಗಳೂರು ಹೆಂಚು ಜಾರುತ್ತದೆ. ಆ ಕಿಂಡಿಯಿಂದ ಮಳೆ ಒಳಗಿಳಿದು ಮೊದಲು ರೀಪು, ಆಮೇಲೆ ಪಕಾಸು ಕುಂಬಾಗುತ್ತದೆ. ನೀರು ಕುಡಿದ ಮರಕ್ಕೆ ಗೆದ್ದಲು ಬರುತ್ತದೆ. ತೊಲೆ ಕೂತಿರುವ ಮಣ್ಣಿನ ಗೋಡೆಯ ನೆತ್ತಿ ನೆನೆದು ಕರಗುತ್ತದೆ. ಹೊರಗಿನ ಗಾರೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಒಳಗೆ ಹೋಗುವ ಮುಂಚೆ ತಲೆಯೆತ್ತಿ ನೋಡು. ಎಲ್ಲಿ ಆಕಾಶ ಕಾಣುತ್ತದೋ ಅದರ ಕೆಳಗಿನ ನೆಲವನ್ನೂ ಗೋಡೆಯನ್ನೂ ನಂಬಬೇಡ. ಮಹಡಿಯ ಹಲಗೆಯ ಮೇಲೆ ಕಾಲೇ ಇಡಬೇಡ, ಫೋಟೋ ಎಷ್ಟೇ ಚೆನ್ನಾಗಿ ಬರುವ ಹಾಗಿದ್ದರೂ. ಮಳೆಗಾಲ ಮುಗಿದ ಮೊದಲ ವಾರಗಳಲ್ಲಿ ಹೋಗಲೇಬೇಡ, ನೆನೆದ ಗೋಡೆ ಬಿಸಿಲಿಗೆ ಒಣಗುವಾಗಲೂ ಬಿರುಕು ಬಿಟ್ಟು ಕುಸಿಯುತ್ತದೆ.

ಬಿದ್ದ ಹೆಂಚು ಸಿಕ್ಕಿದರೆ ತಿರುಗಿಸಿ ನೋಡು, ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೆಂಚಿನ ಮೇಲೆ ಇಸವಿ ಕಂಡಿತೆಂದು ಮನೆಯೂ ಆ ಕಾಲದ್ದು ಅಂತ ಬರೆದುಬಿಡಬೇಡ, ಎಷ್ಟೋ ಹೆಂಚುಗಳ ಮೇಲಿರುವುದು ಕಾರ್ಖಾನೆ ಹುಟ್ಟಿದ ವರ್ಷ. ನೋಡಿ ಆದಮೇಲೆ ಇದ್ದಲ್ಲೇ ಇಡು.

ಹಾವಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹೆಂಚಿನ ರಾಶಿಗೆ, ಬಿದ್ದ ಹಲಗೆಯ ಕೆಳಗೆ ಕೈ ಹಾಕಬೇಡ. ರಾತ್ರಿ ಅಲ್ಲಿ ಉಳಿಯಬೇಡ. ಕಟ್ಟುಹಾವು ಓಡಾಡುವುದು ರಾತ್ರಿ, ಕಚ್ಚಿದರೆ ನೋವೇ ಆಗದಿರಬಹುದು. ಕಚ್ಚಿದೆ ಅನ್ನುವ ಅನುಮಾನ ಬಂದರೂ ಸಾಕು, ಬಿಗಿಯಾಗಿ ಕಟ್ಟದೆ, ಕುಯ್ಯದೆ ನೇರ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಜ್ವರವನ್ನು ಹರಡುವುದು ಉಣ್ಣೆ. ಚಳಿಗಾಲದಿಂದ ಬೇಸಿಗೆಯವರೆಗಿನ ಒಣ ದಿನಗಳಲ್ಲಿ ಅದರ ಕಾಟ ಹೆಚ್ಚು. ಮೈತುಂಬ ಬಟ್ಟೆ ಹಾಕು, ತರಗೆಲೆಯ ಮೇಲೆ ಕೂರಬೇಡ, ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈಯೆಲ್ಲ ಹುಡುಕಿಕೋ. ಒಂದೆರಡು ವಾರದೊಳಗೆ ಜ್ವರ ಬಂದರೆ ತೋಟ ಕಾಡು ಸುತ್ತಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳು.

ನೋಡುವುದಾದರೆ ಪೂರ್ತಿ ನೋಡು. ಎಲ್ಲರೂ ದೊರೆಯ ಬಂಗಲೆಯ ಬೆಂಕಿಗೂಡು, ಕಮಾನು ಕಿಟಕಿಯ ಫೋಟೋ ತೆಗೆದುಕೊಂಡು ಬರುತ್ತಾರೆ. 1856ರ ಹೊತ್ತಿಗೆ ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರ ಸೀಮೆಯಲ್ಲಿ, ತೋಟ ಶುರುಮಾಡಿದ ರಾಬರ್ಟ್ ಎಲಿಯಟ್‌ನಂಥ ದೊರೆಗಳು ತಮ್ಮ ಕಥೆಯನ್ನು ತಾವೇ ಪುಸ್ತಕ ಬರೆದಿಟ್ಟು ಹೋಗಿದ್ದಾರೆ. ಹೋಗುವ ಮುಂಚೆ ಅದನ್ನೂ ಓದು. ಆದರೆ ಕಾಡು ಕಡಿದು ಗುಂಡಿ ತೋಡಿ ಗಿಡ ನೆಟ್ಟವರು, ಘಟ್ಟದ ಕೆಳಗಿನಿಂದ ಹತ್ತಿ ಬಂದ ಆಳುಗಳು, ಪುಸ್ತಕ ಬರೆಯಲಿಲ್ಲ. ಅವರದ್ದು ಉಳಿದಿರುವುದು ಬಂಗಲೆಯಿಂದ ದೂರದ ಲೈನ್ ಮನೆಗಳಲ್ಲಿ: ಒಂದೇ ಗೋಡೆಗೆ ಅಂಟಿದ ಕೋಣೆಗಳ ಸಾಲು, ಹೊಗೆ ಹಿಡಿದ ಒಲೆಯ ಮೂಲೆ. ಕಾಫಿ ಕಣ ನೋಡು, ತುಕ್ಕು ಹಿಡಿದ ಪಲ್ಪರ್ ಯಂತ್ರ ನೋಡು. ಆಫೀಸು ಕೋಣೆಯ ಬೀರುವಿನಲ್ಲಿ ಹಳೆಯ ಚೆಕ್‌ರೋಲ್ ಪುಸ್ತಕ ಇದ್ದರೆ ಅದಕ್ಕಿಂತ ದೊಡ್ಡ ನಿಧಿ ಆ ಮನೆಯಲ್ಲಿ ಇಲ್ಲ. ಇಂಥ ದಿನ ಇಂಥವರು ಕೆಲಸಕ್ಕೆ ಬಂದರು, ಇಷ್ಟು ಕೂಲಿ ಪಡೆದರು ಅನ್ನುವುದು ಅದರಲ್ಲಿ ಮಾತ್ರ ಇರುತ್ತದೆ. ಅದನ್ನು ಎತ್ತಿಕೊಂಡು ಬರಬೇಡ. ಅದು ಅಲ್ಲಿದೆ ಅಂತ ಯಜಮಾನರಿಗೆ ತಿಳಿಸು, ನೆನೆಯದ ಕಡೆ ಇಡಿಸು, ಒಪ್ಪಿದರೆ ಪುಟ ಪುಟವೂ ಫೋಟೋ ತೆಗೆದುಕೋ.

ಆ ಫೋಟೋಗಳನ್ನು ಊರಿಗೆಲ್ಲ ತೋರಿಸುವಾಗ ಜಾಗದ ಗುರುತು ಹಾಕಬೇಡ. ಹಳೆಯ ಬಾಗಿಲು, ಕೆತ್ತನೆಯ ಕಂಬ, ಹಿತ್ತಾಳೆಯ ಅಗುಳಿಗೆ ಈಗ ನಗರಗಳಲ್ಲಿ ಒಳ್ಳೆಯ ಬೆಲೆ. ಕಾವಲಿಲ್ಲದ ಮನೆ ಇಂಥ ಕಡೆ ಇದೆ ಅಂತ ನೀನು ಹಾಕಿದ ಒಂದು ಗುರುತು ಲಾರಿ ತರುವವರಿಗೆ ದಾರಿ ತೋರಿಸಿದಂತೆ. ಮನೆಯವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ಅವರು ಮಣಿಪಾಲಕ್ಕೆ ತಂದು ಮತ್ತೆ ಎಬ್ಬಿಸಿದರು, ಹೋಗಿ ನೋಡು. ಮನೆಯವರ ಒಪ್ಪಿಗೆ ಪಡೆದು, ತೊಲೆ ತೊಲೆಯ ಲೆಕ್ಕವಿಟ್ಟು ಬಿಚ್ಚಿ ತರುವುದಕ್ಕೂ ಕಿತ್ತು ಮಾರುವುದಕ್ಕೂ ಇರುವ ಅಂತರ ಅಲ್ಲಿ ಅರ್ಥವಾಗುತ್ತದೆ.

ಬಂದಮೇಲೆ ಒಂದು ಕೆಲಸ ಬಾಕಿಯಿರುತ್ತದೆ. ತೆಗೆದ ಫೋಟೋಗಳ ಒಂದು ಪ್ರತಿ ಯಜಮಾನರಿಗೆ ಕಳಿಸು. ಜೊತೆಗೆ ಯಾವ ಕೋಣೆಯ ಮೇಲೆ ಎಷ್ಟು ಹೆಂಚು ಜಾರಿದೆ, ಯಾವ ಗೋಡೆಗೆ ನೀರು ಇಳಿಯುತ್ತಿದೆ ಅಂತ ಬರೆದು ಕಳಿಸು. ದೂರದಲ್ಲಿರುವವರಿಗೆ ಅದು ಗೊತ್ತೇ ಇರುವುದಿಲ್ಲ. ಮುಂಗಾರಿಗೆ ಮುಂಚೆ ನಾಲ್ಕು ಹೆಂಚು ಸರಿಮಾಡಿಸಿದರೆ ಆ ಮನೆ ಇನ್ನೂ ಎಷ್ಟೋ ಮಳೆಗಾಲ ತಡೆಯಬಹುದು. ನೋಡಲು ಹೋದ ಮನೆಗೆ ಅಷ್ಟನ್ನಾದರೂ ಮಾಡಿ ಬಾ.