ತೊಟ್ಟಿಲಲ್ಲೇ ಮೊದಲ ಪಾಠ

ಮಕ್ಕಳೇ, ನೀವು ಒಂದನೇ ತರಗತಿಗೆ ಸೇರಿದ ದಿನವನ್ನು ನೆನಪು ಮಾಡಿಕೊಳ್ಳಿ. ಆ ದಿನ ನಿಮಗೆ ಅ, ಆ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಮೇಷ್ಟ್ರು “ಬಾ, ಇಲ್ಲಿ ಕೂತ್ಕೋ” ಎಂದಾಗ ನಿಮಗೆ ಅರ್ಥವಾಯಿತು. “ನಿನ್ನ ಹೆಸರೇನು?” ಎಂದಾಗ ಉತ್ತರ ಹೇಳಿದಿರಿ. ನಿನ್ನೆ–ನಾಳೆ, ಮೇಲೆ–ಕೆಳಗೆ, ಸಿಹಿ–ಖಾರ, ಒಂದು–ಎರಡು ಇವೆಲ್ಲ ನಿಮಗೆ ಆಗಲೇ ಗೊತ್ತಿದ್ದವು. ಇವನ್ನೆಲ್ಲ ಯಾವ ಶಾಲೆಯಲ್ಲಿ ಕಲಿತಿರಿ?

ಆ ಶಾಲೆ ನಿಮ್ಮ ಮನೆ. ಅವ್ವ, ಅಪ್ಪ, ಅಜ್ಜಿ, ತಾತ, ಅಕ್ಕ, ಅಣ್ಣ ಇವರೇ ಆ ಶಾಲೆಯ ಮೇಷ್ಟ್ರುಗಳು. ಈ ಮನೆಪಾಠ ಹೇಗೆ ನಡೆಯುತ್ತದೆ? ವಿಜ್ಞಾನಿಗಳು ಇದರ ಬಗ್ಗೆ ಏನು ಕಂಡುಕೊಂಡಿದ್ದಾರೆ? ಬನ್ನಿ, ತಿಳಿಯೋಣ.

ಕೊಕ್ಕರೆ ಮರಿ, ಕರು ಮತ್ತು ಮಗು

ಬಾಬುರಾಯನಕೊಪ್ಪಲು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣಕ್ಕೆ ಹತ್ತಿರವಿರುವ ಊರು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಕಾವೇರಿ ನದಿಯ ನಡುಗಡ್ಡೆಗಳಲ್ಲಿ ರಂಗನತಿಟ್ಟು ಪಕ್ಷಿಧಾಮವಿದೆ. 1940ರಲ್ಲಿ ಇದು ಪಕ್ಷಿಧಾಮವಾಯಿತು. ಅಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ತಾಯಿ ಮತ್ತು ತಂದೆ ಎರಡೂ ಸರದಿಯಂತೆ ಮೀನು ತಂದು ಮರಿಗಳಿಗೆ ಉಣಿಸುತ್ತವೆ. ಸುಮಾರು ಎರಡು ತಿಂಗಳಲ್ಲಿ ಮರಿಗಳು ಹಾರಲು ಕಲಿಯುತ್ತವೆ.

ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನು ನೋಡಿದ್ದೀರಲ್ಲವೇ? ಹುಟ್ಟಿದ ಒಂದೆರಡು ಗಂಟೆಯೊಳಗೆ ಅದು ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ಮನುಷ್ಯರ ಮಗು ಹಾಗಲ್ಲ. ಅದಕ್ಕೆ ಕತ್ತು ನಿಲ್ಲಲು ಮೂರು ನಾಲ್ಕು ತಿಂಗಳು ಬೇಕು, ನಡೆಯಲು ಸುಮಾರು ಒಂದು ವರ್ಷ ಬೇಕು. ಹಾಗಾದರೆ ಕರುವಿಗಿಂತ ಮಗು ಹಿಂದೆ ಬಿದ್ದಿದೆಯೇ?

ಇಲ್ಲ. ಕರು ಮಾಡಬೇಕಾದ ಎಷ್ಟೋ ಕೆಲಸಗಳು ಹುಟ್ಟುವಾಗಲೇ ಅದರ ಮಿದುಳಿನಲ್ಲಿ ಸಿದ್ಧವಾಗಿರುತ್ತವೆ. ಮನುಷ್ಯರ ಮಗು ಬಹುಪಾಲು ಎಲ್ಲವನ್ನೂ ಹುಟ್ಟಿದ ಮೇಲೆ, ಸುತ್ತಲಿನವರಿಂದ ಕಲಿಯಬೇಕು. ಆದ್ದರಿಂದಲೇ ಅದು ಯಾವ ಊರಿನ ಮಾತನ್ನಾದರೂ, ಯಾವ ಕೆಲಸವನ್ನಾದರೂ ಕಲಿಯಬಲ್ಲದು.

ಮಿದುಳು ಬೆಳೆಯುವ ಕಾಲ

ಆಗ ತಾನೇ ಹುಟ್ಟಿದ ಮಗುವಿನ ಮಿದುಳು ಸುಮಾರು 350ರಿಂದ 400 ಗ್ರಾಂ ತೂಗುತ್ತದೆ. ಒಂದು ವರ್ಷ ತುಂಬುವಾಗ ಅದು ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ದೊಡ್ಡವರ ಮಿದುಳಿನ ತೂಕ ಸುಮಾರು 1300ರಿಂದ 1400 ಗ್ರಾಂ. ಆರು ವರ್ಷದ ಹೊತ್ತಿಗೆ ಮಗುವಿನ ಮಿದುಳು ಈ ಗಾತ್ರದ ಶೇಕಡ 90ರಷ್ಟನ್ನು ತಲುಪುತ್ತದೆ. ಅಂದರೆ, ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಹುಪಾಲು ಬೆಳವಣಿಗೆ ಮುಗಿದಿರುತ್ತದೆ!

ಮಿದುಳಿನಲ್ಲಿ ಕೋಟಿ ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದರ ಜೊತೆ ಸಂಪರ್ಕ ಬೆಳೆಸಿದಾಗಲೇ ನಾವು ಕಲಿಯುವುದು. ಗದ್ದೆಯ ಕಾಲುದಾರಿಯನ್ನು ನೆನೆಯಿರಿ. ದಿನವೂ ಜನ ಓಡಾಡಿದರೆ ದಾರಿ ಸವೆದು ಗಟ್ಟಿಯಾಗುತ್ತದೆ. ಯಾರೂ ತುಳಿಯದಿದ್ದರೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಮಿದುಳಿನ ಸಂಪರ್ಕಗಳೂ ಹೀಗೆಯೇ. ಮಗುವನ್ನು ಎತ್ತಿಕೊಂಡು ಮಾತನಾಡಿಸಿದಾಗ, ನಗಿಸಿದಾಗ, ಜೋಗುಳ ಹಾಡಿದಾಗ ಸಂಪರ್ಕಗಳು ಬಲವಾಗುತ್ತವೆ. ಬಳಕೆಯಾಗದ ಸಂಪರ್ಕಗಳು ಮೆಲ್ಲಗೆ ಇಲ್ಲವಾಗುತ್ತವೆ.

‘ಟ’ ಮತ್ತು ‘ತ’ ಪ್ರಯೋಗ

ಇದನ್ನು ತೋರಿಸಿದ ಒಂದು ಸೊಗಸಾದ ಪ್ರಯೋಗವಿದೆ. ‘ಟ’ ಎಂದು ಹೇಳಿ, ಆಮೇಲೆ ‘ತ’ ಎಂದು ಹೇಳಿ. ನಿಮಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಆದರೆ ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಇವೆರಡೂ ಒಂದೇ ಎಂಬಂತೆ ಕೇಳಿಸುತ್ತವೆ. ಏಕೆಂದರೆ ಅವರ ಭಾಷೆಯಲ್ಲಿ ಈ ಭೇದ ಇಲ್ಲ.

ಕೆನಡಾ ದೇಶದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿ ಭಾಷೆಯ ‘ಟ’ ಮತ್ತು ‘ತ’ ಧ್ವನಿಗಳನ್ನು ಕೇಳಿಸಿದರು. ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತಿರುತ್ತದೆ. ಧ್ವನಿ ಬದಲಾದಾಗ ಮಗು ತಲೆ ತಿರುಗಿಸಿದರೆ ಪಕ್ಕದಲ್ಲಿ ಆಟಿಕೆಯೊಂದು ಬೆಳಗಿ ಕುಣಿಯುತ್ತದೆ. ಭೇದ ತಿಳಿದ ಮಗು ತಲೆ ತಿರುಗಿಸುತ್ತದೆ, ತಿಳಿಯದ ಮಗು ಸುಮ್ಮನಿರುತ್ತದೆ.

1984ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಮೂಡಿಸಿತು. ಆರರಿಂದ ಎಂಟು ತಿಂಗಳಿನ ಹೆಚ್ಚಿನ ಕೂಸುಗಳು ‘ಟ’ ಮತ್ತು ‘ತ’ ಭೇದವನ್ನು ಗುರುತಿಸಿದವು. ಆದರೆ ಹತ್ತರಿಂದ ಹನ್ನೆರಡು ತಿಂಗಳಿನ ಹೆಚ್ಚಿನ ಕೂಸುಗಳಿಗೆ ಅದು ಸಾಧ್ಯವಾಗಲಿಲ್ಲ! ಹಿಂದಿ ಮನೆಗಳ ಅದೇ ವಯಸ್ಸಿನ ಮಕ್ಕಳಿಗೆ ಮಾತ್ರ ಭೇದ ಚೆನ್ನಾಗಿ ತಿಳಿಯುತ್ತಿತ್ತು.

ಇದರ ಅರ್ಥವೇನು? ಹುಟ್ಟಿದ ಮಗುವಿನ ಕಿವಿ ಲೋಕದ ಎಲ್ಲ ಭಾಷೆಗಳಿಗೂ ತೆರೆದಿರುತ್ತದೆ. ಒಂದು ವರ್ಷದೊಳಗೆ ಅದು ಮನೆಯವರ ಮಾತಿಗೆ ಹೊಂದಿಕೊಳ್ಳುತ್ತದೆ. ನೀವು ಒಂದು ಪದವನ್ನೂ ಆಡುವ ಮೊದಲೇ ನಿಮ್ಮ ಮಿದುಳು ಕನ್ನಡ ಕಲಿಯತೊಡಗಿತ್ತು!

ಟಿ.ವಿ. ಕಲಿಸಬಲ್ಲದೇ?

“ಹಾಗಾದರೆ ಮಗುವಿನ ಮುಂದೆ ಟಿ.ವಿ. ಅಥವಾ ಮೊಬೈಲ್ ಇಟ್ಟರೆ ಸಾಕಲ್ಲ, ಅದೂ ಮಾತಾಡುತ್ತದಲ್ಲ?” ಎಂದು ನೀವು ಕೇಳಬಹುದು. ಅಮೆರಿಕದ ಪೆಟ್ರೀಷಿಯಾ ಕುಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನೂ ಪರೀಕ್ಷಿಸಿದರು. ಒಂಬತ್ತು ತಿಂಗಳಿನ ಅಮೆರಿಕದ ಕೂಸುಗಳ ಒಂದು ಗುಂಪಿನ ಜೊತೆ ಚೀನೀ ಭಾಷೆಯವರು ಎದುರಿಗೇ ಕುಳಿತು ಆಡಿದರು, ಪುಸ್ತಕ ತೋರಿಸಿ ಮಾತನಾಡಿದರು. ಒಟ್ಟು 12 ಸಲ, ಪ್ರತಿ ಸಲ 25 ನಿಮಿಷ. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಆದರೆ ಟಿ.ವಿ. ಪರದೆಯಲ್ಲಿ.

ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಎದುರಿಗೆ ಆಡಿದ ಗುಂಪು ಚೀನೀ ಧ್ವನಿಗಳನ್ನು ಕಲಿತಿತ್ತು. ಟಿ.ವಿ. ನೋಡಿದ ಗುಂಪು ಏನನ್ನೂ ಕಲಿತಿರಲಿಲ್ಲ. ಏಕೆ? ಮಗು ‘ಉಂಗಾ’ ಎಂದರೆ ಅವ್ವ “ಏನ್ ಬಂಗಾರ, ಹಸಿವಾಯ್ತಾ?” ಎನ್ನುತ್ತಾಳೆ. ಮಗು ನೋಡಿದ ಕಡೆ ಅಪ್ಪನೂ ನೋಡಿ “ಅಗೋ, ಕಾಗೆ!” ಎನ್ನುತ್ತಾನೆ. ಟಿ.ವಿ.ಗೆ ಮಗುವಿನ ಕಣ್ಣೂ ಕಾಣದು, ದನಿಯೂ ಕೇಳದು. ಎರಡು ವರ್ಷದೊಳಗಿನ ಮಕ್ಕಳಿಗೆ ಟಿ.ವಿ., ಮೊಬೈಲ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ.

ಕಿವಿ ಕೇಳಿಸದಿದ್ದರೆ?

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವ್ವ ಎಷ್ಟು ಮಾತನಾಡಿದರೂ ಮಗುವಿಗೆ ತಲುಪುವುದಿಲ್ಲ. ಬೇಗ ಗುರುತಿಸದಿದ್ದರೆ ಮಾತು ಕಲಿಯುವ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಮಲಗಿರುವ ಕೂಸಿನ ಕಿವಿಯನ್ನೂ ಇಂದು ಪರೀಕ್ಷಿಸಬಹುದು. ಪುಟ್ಟ ಉಪಕರಣವೊಂದು ಕಿವಿಗೆ ಮೆಲುದನಿ ಕಳುಹಿಸುತ್ತದೆ. ಆರೋಗ್ಯವಾಗಿರುವ ಒಳಕಿವಿ ಅದಕ್ಕೆ ಮರುದನಿ ಕೊಡುತ್ತದೆ. ಮಗುವಿಗೆ ಸ್ವಲ್ಪವೂ ನೋವಾಗುವುದಿಲ್ಲ.

ತೊಂದರೆ ಇದ್ದರೆ ಶ್ರವಣ ಸಾಧನ ಕೊಡುತ್ತಾರೆ. ಆದರೆ ಅಷ್ಟಕ್ಕೇ ಮಗು ಮಾತು ಕಲಿಯುವುದಿಲ್ಲ. ಈ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಗುವಿನ ಜೊತೆ ತಾಯಿಯೂ ಕೂರುತ್ತಾಳೆ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನವಿಡೀ ಅಭ್ಯಾಸ ಮಾಡಿಸುತ್ತಾಳೆ. ಮೇಷ್ಟ್ರು ಮಗುವಿಗೆ ಸಿಗುವುದು ಕೆಲವು ಗಂಟೆ ಮಾತ್ರ. ಅವ್ವ, ಅಪ್ಪ ಸಿಗುವುದು ಎಲ್ಲ ಹೊತ್ತೂ ಅಲ್ಲವೇ?

ಓದು ಬಾರದ ಅವ್ವ ಕಲಿಸಬಲ್ಲಳೇ?

“ನಮಗೆ ಓದು ಬರಾಕಿಲ್ಲ, ನಾವೇನು ಕಲಿಸೋದು?” ಎಂದು ಎಷ್ಟೋ ತಾಯಂದಿರು ಹೇಳುವುದನ್ನು ನೀವು ಕೇಳಿರಬಹುದು. ಇದು ಸರಿಯೇ?

ಜಮೈಕಾ ಎಂಬ ಸಣ್ಣ ದೇಶದಲ್ಲೂ ನಮ್ಮಲ್ಲಿಯಂತೆ ಕಬ್ಬು ಬೆಳೆಯುತ್ತಾರೆ. ಅಲ್ಲಿ 1986–87ರಲ್ಲಿ ಬಡತನದಿಂದ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿಕೊಂಡರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದನ್ನು ತಾಯಂದಿರಿಗೆ ತೋರಿಸಿದರು. ಇಪ್ಪತ್ತು ವರ್ಷಗಳ ನಂತರ ನೋಡಿದಾಗ, ಹೀಗೆ ಆಡಿ ಬೆಳೆದವರ ಸಂಪಾದನೆ ಉಳಿದವರಿಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತು! ಅಲ್ಲಿ ದುಬಾರಿ ಆಟಿಕೆ ಇರಲಿಲ್ಲ. ಇದ್ದದ್ದು ಮಾತು, ಆಟ ಮತ್ತು ಅಕ್ಕರೆ.

ನಮ್ಮ ಮನೆಗಳಲ್ಲೂ ಇದು ಸಾಧ್ಯ. ಅವರೆಕಾಯಿ ಬಿಡಿಸುವಾಗ “ಒಂದು, ಎರಡು, ಮೂರು” ಎಂದು ಎಣಿಸಿದರೆ ಅದು ಗಣಿತ. ಆಲೆಮನೆಯಲ್ಲಿ “ಕಬ್ಬಿನ ಹಾಲು ಕುದಿದು ಬೆಲ್ಲವಾಯಿತು ನೋಡು” ಎಂದರೆ ಅದು ವಿಜ್ಞಾನ. ರಾತ್ರಿ ಅಜ್ಜಿ ಹೇಳುವ ಕಥೆ, ಒಗಟು ಭಾಷಾಪಾಠ. ಕಲಿಸಲು ಅಕ್ಷರ ಬರಲೇಬೇಕೆಂದಿಲ್ಲ. ಮಗುವಿನ ಮಾತಿಗೆ ಮಾತು ಕೊಡುವ ಮನಸ್ಸು ಬೇಕು.

ಅಂಗನವಾಡಿಯ ಜೊತೆ ಮನೆ

ಕೂಲಿಗೆ, ಕಾರ್ಖಾನೆಗೆ ಹೋಗುವ ಅಪ್ಪ ಅವ್ವನಿಗೆ ಬಿಡುವು ಕಡಿಮೆ. ಅದು ಅವರ ತಪ್ಪಲ್ಲ. ಇಂತಹ ಮನೆಗಳಿಗೆ ಅಂಗನವಾಡಿ ನೆರವಾಗುತ್ತದೆ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು ನಮ್ಮ ಪಕ್ಕದಲ್ಲೇ, ಅದೇ ಕಾವೇರಿ ದಡದ ತಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಅಲ್ಲಿ ಆಹಾರ, ಚುಚ್ಚುಮದ್ದು, ತೂಕ ನೋಡುವುದು, ಆಟಪಾಠ ಎಲ್ಲವೂ ಇವೆ. ಮಗು ಸಂಜೆ ಮನೆಗೆ ಬಂದಾಗ “ಇವತ್ತು ಏನ್ ಹಾಡು ಹೇಳ್ಕೊಟ್ರು?” ಎಂದು ಐದು ನಿಮಿಷ ಕೇಳಿದರೂ ಕಲಿಕೆ ಗಟ್ಟಿಯಾಗುತ್ತದೆ. ಮನೆಯಲ್ಲಿ ಬಿಡುವಾಗಿರುವ ಅಕ್ಕ, ಅಣ್ಣ ಯಾರು? ನೀವೇ ಅಲ್ಲವೇ!

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಕೂಸಿನ ಎದುರು ಕುಳಿತು ಮೆಲ್ಲಗೆ ಮಾತನಾಡಿ. ಅದು ದನಿ ಮಾಡಿದಾಗ ನಿಲ್ಲಿಸಿ, ಕೇಳಿ, ಮತ್ತೆ ಉತ್ತರಿಸಿ. ಐದು ನಿಮಿಷದಲ್ಲಿ ಅದು ಎಷ್ಟು ಸಲ ದನಿ ಮಾಡಿತು? ಬರೆದಿಡಿ.

2. ಮರುದಿನ ಅದೇ ಹೊತ್ತಿಗೆ ಕೂಸಿನ ಪಕ್ಕ ಸುಮ್ಮನೆ ಕುಳಿತು ಐದು ನಿಮಿಷ ಎಣಿಸಿ. ಎರಡನ್ನೂ ಹೋಲಿಸಿ.

3. ಕೂಸಿಗೆ ಕಾಣದಂತೆ ಹಿಂದಿನಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ. ಅನೇಕ ಸಲ ತಟ್ಟಿದರೂ ಅದು ತಿರುಗದಿದ್ದರೆ ಮನೆಯವರಿಗೆ ಮತ್ತು ಆಶಾ ಕಾರ್ಯಕರ್ತೆಗೆ ತಿಳಿಸಿ. ಕಿವಿಯ ಪರೀಕ್ಷೆಯನ್ನು ವೈದ್ಯರೇ ಮಾಡಬೇಕು.

ಎಚ್ಚರಿಕೆ: ಹುಣಸೆ ಬೀಜ, ಗೋಲಿ, ಗುಂಡಿಗಳನ್ನು ಕೂಸಿನ ಕೈಗೆ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಯೋಚಿಸಿ ಉತ್ತರಿಸಿ

1. ಹನ್ನೊಂದು ತಿಂಗಳಿನ ಕನ್ನಡದ ಕೂಸಿಗೆ ‘ಲ’ ಮತ್ತು ‘ಳ’ ಭೇದ ತಿಳಿಯಬಹುದೇ? ಏಕೆ?

2. ಟಿ.ವಿ.ಯಿಂದ ಕೂಸು ಕಲಿಯದಿದ್ದದ್ದು ಏಕೆ?

3. ನಿಮ್ಮ ಅವ್ವ ಅಥವಾ ಅಜ್ಜಿಯಿಂದ ಶಾಲೆಗೆ ಸೇರುವ ಮೊದಲೇ ನೀವು ಕಲಿತ ಐದು ಸಂಗತಿಗಳನ್ನು ಬರೆಯಿರಿ. ಮನೆಗೆ ಹೋಗಿ ಅವರಿಗೆ ಓದಿ ಹೇಳಿ.