ಪೈಥಾನ್: ಪಠ್ಯದಿಂದ ಸಂಖ್ಯೆ ತೆಗೆಯುವಾಗ ಎಡವುವುದೆಲ್ಲಿ?

ಎಕ್ಸೆಲ್‌ನಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ಕಾಪಿ ಮಾಡಿದ ಮೊತ್ತವನ್ನು ಪೈಥಾನ್‌ನ ‘ಇಂಟ್’ ಫಂಕ್ಷನ್‌ಗೆ ಕೊಟ್ಟಾಗ ‘ವ್ಯಾಲ್ಯೂ ಎರರ್’ ಬಂದು ಪ್ರೋಗ್ರಾಮ್ ನಿಂತುಬಿಡುವುದುಂಟು. ಪರದೆಯಲ್ಲಿ ನೋಡಿದರೆ 42 ಎಂದೇ ಇದೆ!

ಮೊದಲು ಆ ಪಠ್ಯವನ್ನು ‘ರೆಪ್ರ್’ ಫಂಕ್ಷನ್‌ಗೆ ಕೊಟ್ಟು ಪ್ರಿಂಟ್ ಮಾಡಿ. ಬರೀ ಪ್ರಿಂಟ್ ಮಾಡಿದರೆ ಕಾಣದ ಅಕ್ಷರಗಳು ಇಲ್ಲಿ ಸಿಕ್ಕಿಬೀಳುತ್ತವೆ. ಹಿಂದೆಮುಂದೆ ಇರುವ ಮಾಮೂಲಿ ಸ್ಪೇಸ್, ಹೊಸ ಸಾಲಿನ ಗುರುತುಗಳನ್ನು ‘ಇಂಟ್’ ತಾನೇ ಕಳಚಿಕೊಳ್ಳುತ್ತದೆ. ತೊಂದರೆ ಕೊಡುವುದು ಅಗಲವೇ ಇಲ್ಲದ ಸ್ಪೇಸ್ ಮತ್ತು ಫೈಲಿನ ಆರಂಭದಲ್ಲಿ ಅಡಗಿರುವ ಬಿಒಎಂ ಗುರುತು. ಇವು ‘ಸ್ಟ್ರಿಪ್’ಗೂ ಜಗ್ಗುವುದಿಲ್ಲ. ಮೊದಲನೆಯದನ್ನು ‘ರಿಪ್ಲೇಸ್’ ಬಳಸಿ ತೆಗೆಯಿರಿ. ಎರಡನೆಯದಕ್ಕೆ ಫೈಲ್ ತೆರೆಯುವಾಗಲೇ ‘ಯುಟಿಎಫ್-8-ಸಿಗ್’ ಎನ್‌ಕೋಡಿಂಗ್ ಕೊಟ್ಟರಾಯಿತು.

ಮುಂದೆ ಅಲ್ಪವಿರಾಮ. ‘1,25,000’ ಎಂದರೆ ಪೈಥಾನ್‌ಗೆ ಅರ್ಥವಾಗದು, ಅಲ್ಪವಿರಾಮ ತೆಗೆದು ಕೊಡಬೇಕು. ಆದರೆ ಮಾಹಿತಿ ಎಲ್ಲಿಂದ ಬಂತೆಂದು ನೋಡಿಕೊಳ್ಳಿ: ಜರ್ಮನಿಯಲ್ಲಿ ‘12,5’ ಎಂದರೆ ಹನ್ನೆರಡೂವರೆ. ಕಣ್ಣುಮುಚ್ಚಿ ಅಳಿಸಿದರೆ ಅದು 125 ಆಗುತ್ತದೆ. ‘12.0’ ಕೂಡ ‘ಇಂಟ್’ಗೆ ಒಗ್ಗದು, ಅದನ್ನು ‘ಡೆಸಿಮಲ್’ಗೆ ಬದಲಿಸಿ, ದಶಮಾಂಶ ಭಾಗವನ್ನು ಏನು ಮಾಡಬೇಕೆಂದು ನೀವೇ ನಿರ್ಧರಿಸಿ.

ಕನ್ನಡ ಅಂಕಿಗಳ ವಿಷಯದಲ್ಲಿ ಪೈಥಾನ್ ಉದಾರಿ. ‘೧೨೩’ ಕೊಟ್ಟರೆ ತಕರಾರಿಲ್ಲದೆ 123 ಎನ್ನುತ್ತದೆ. ಆದರೆ ಸೊನ್ನೆಯ ಜಾಗದಲ್ಲಿ ಟೈಪಿಸಿದವರು ಅನುಸ್ವಾರ ಒತ್ತಿದ್ದರೆ ಎರರ್ ಖಚಿತ. ನೋಟಕ್ಕೆ ಎರಡೂ ಬಹುತೇಕ ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ‘ರೆಪ್ರ್’ ಕೂಡ ಇದನ್ನು ಎತ್ತಿ ತೋರಿಸದು. ಪ್ರತಿ ಅಕ್ಷರವನ್ನೂ ‘ಆರ್ಡ್’ಗೆ ಕೊಟ್ಟು ಸಂಕೇತ ಸಂಖ್ಯೆ ನೋಡಬೇಕು. ಸೊನ್ನೆಗೆ 3302, ಅನುಸ್ವಾರಕ್ಕೆ 3202.

ಇಷ್ಟೆಲ್ಲ ಕಿರಿಕಿರಿ ಮಾಡಿದರೂ ಪೈಥಾನ್ ವಾಸಿ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ಗೆ ಅದೇ ‘1,25,000’ ಕೊಟ್ಟು ನೋಡಿ: ಸದ್ದಿಲ್ಲದೆ 1 ಎಂದು ಕೊಡುತ್ತದೆ. ಲಕ್ಷ ಹೋಗಿ ಒಂದು ರೂಪಾಯಿ ಉಳಿದದ್ದು ಲೆಕ್ಕ ತಾಳೆಯಾಗದಿದ್ದಾಗಲೇ ಗೊತ್ತಾಗುವುದು. ಜಾವಾದಲ್ಲಿ ಇನ್ನೊಂದು ಮಿತಿ: ‘ಇಂಟ್’ ಹಿಡಿಯುವುದು 2147483647ರವರೆಗೆ ಮಾತ್ರ, ಹಾಗಾಗಿ ಹತ್ತಂಕಿಯ ಮೊಬೈಲ್ ನಂಬರ್ ಅಲ್ಲಿ ಎರರ್ ಕೊಡುತ್ತದೆ. ನಿಜಕ್ಕೂ ಮೊಬೈಲ್, ಬ್ಯಾಂಕ್ ಖಾತೆಯ ನಂಬರ್‌ಗಳನ್ನು ಸಂಖ್ಯೆ ಮಾಡಲೇಬಾರದು. ಅವನ್ನು ಯಾರೂ ಕೂಡಿ ಕಳೆಯುವುದಿಲ್ಲ, ಮೊದಲಿನ ಸೊನ್ನೆ ಬೇರೆ ಹಾರಿಹೋಗುತ್ತದೆ.

ಕೊನೆಯದು ‘ಟ್ರೈ–ಎಕ್ಸೆಪ್ಟ್’. ಎರರ್ ಬಂದಲ್ಲಿ 0 ತುಂಬಿ ಮುಂದೆ ಸಾಗುವ ಚಾಳಿ ಬಹಳ ಮಂದಿಗಿದೆ. ದಯವಿಟ್ಟು ಬೇಡ. ಸಾಲಿನ ಸಂಖ್ಯೆಯನ್ನೂ ಮೂಲ ಪಠ್ಯವನ್ನೂ ಬೇರೆ ಫೈಲಿಗೆ ಬರೆದಿಡಿ, ಆಮೇಲೆ ಕೂತು ಒಂದೊಂದಾಗಿ ನೋಡಿ.