ಇಪ್ಪತ್ತೆಂಟರ ಆಟ: ಕಾಣದ ಎಲೆಗಳ ಲೆಕ್ಕ

ಇಸ್ಪೀಟೆಂದೊಡನೆ ಅನೇಕರಿಗೆ ಜೂಜಿನ ನೆನಪಾಗುತ್ತದೆ. ಆದರೆ ಕಾಸಿನ ಪಣವಿಲ್ಲದೆ, ಮನೆಯ ಹಿರಿಯರೂ ಕಿರಿಯರೂ ಮಿತ್ರರೂ ಕಲೆತು ಆಡಿ ಸಂತೋಷಪಡುವ ಎಲೆಯಾಟಗಳೂ ಉಂಟು. ಕೇರಳದಲ್ಲಿ ಜನಪ್ರಿಯವಾಗಿರುವ ‘ಇಪ್ಪತ್ತೆಂಟು’ ಅಂಥದೊಂದು ಆಟ. ಗಣಿತದ ವಿದ್ಯಾರ್ಥಿಗೆ ಇದು ವಿನೋದವೂ ಹೌದು, ಪಾಠವೂ ಹೌದು. ೧೬೫೪ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು, ಅರ್ಧದಲ್ಲಿ ನಿಂತುಹೋದ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಪತ್ರಗಳ ಮೂಲಕ ಚರ್ಚಿಸಿದರು. ಸಂಭವನೀಯತೆಯ ಶಾಸ್ತ್ರ ಬೆಳೆದದ್ದು ಇಂತಹ ಪ್ರಶ್ನೆಗಳಿಂದಲೇ.

ಮೊದಲು ಆಟದ ಕ್ರಮವನ್ನು ತಿಳಿಯೋಣ. ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದುಹಾಕಿದರೆ ೩೨ ಎಲೆಗಳು ಉಳಿಯುತ್ತವೆ. ಪ್ರತಿ ಜಾತಿಗೆ ಎಂಟು. ಆಡುವವರು ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು. ಇಲ್ಲಿ ರಾಜನಿಗಿಂತ ಗುಲಾಮನೇ ದೊಡ್ಡವನು! ಗುಲಾಮ, ಒಂಬತ್ತು, ಎಕ್ಕ, ಹತ್ತು, ರಾಜ, ರಾಣಿ, ಎಂಟು, ಏಳು—ಇದು ಎಲೆಗಳ ಇಳಿಕೆಯ ಕ್ರಮ. ಗುಲಾಮನಿಗೆ ೩ ಅಂಕ, ಒಂಬತ್ತಕ್ಕೆ ೨, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಉಳಿದವಕ್ಕೆ ಅಂಕವಿಲ್ಲ. ಜಾತಿಗೆ ೭ ಅಂಕಗಳಂತೆ ನಾಲ್ಕು ಜಾತಿಗಳಿಗೆ ೨೮. ಆಟದ ಹೆಸರು ಬಂದದ್ದು ಇದರಿಂದಲೇ. ಸ್ವಿಟ್ಸರ್ಲೆಂಡಿನ ಯಾಸ್, ಫ್ರಾನ್ಸಿನ ಬೆಲೊತ್ ಎಂಬ ಆಟಗಳಲ್ಲಿಯೂ ತುರುಫು ಜಾತಿಯಲ್ಲಿ ಗುಲಾಮನಿಗೂ ಒಂಬತ್ತಕ್ಕೂ ಇದೇ ಹಿರಿಮೆ ಇದೆ.

ಮೊದಲು ನಾಲ್ಕು ನಾಲ್ಕು ಎಲೆಗಳನ್ನು ಹಂಚುತ್ತಾರೆ. ಅವನ್ನು ನೋಡಿಕೊಂಡು, ತಮ್ಮ ಪಕ್ಷ ಎಷ್ಟು ಅಂಕ ಗಳಿಸಬಲ್ಲದೆಂದು ಆಟಗಾರರು ಕೂಗುತ್ತಾರೆ. ಸಾಮಾನ್ಯವಾಗಿ ೧೪ಕ್ಕೆ ಕಡಿಮೆ ಕೂಗುವಂತಿಲ್ಲ. ಹೆಚ್ಚು ಕೂಗಿದವರು ಒಂದು ಎಲೆಯನ್ನು ಮುಚ್ಚಿಟ್ಟು ತುರುಫನ್ನು ಗುಟ್ಟಾಗಿ ಗೊತ್ತುಮಾಡುತ್ತಾರೆ. ಅನಂತರ ಉಳಿದ ಎಲೆಗಳ ಹಂಚಿಕೆ. ಸುತ್ತಿನಲ್ಲಿ ಮೊದಲು ಇಳಿದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಇಳಿಸಬೇಕು. ಇಲ್ಲದವರು ತುರುಫನ್ನು ತೆರೆಯಿಸಿ, ತುರುಫಿನ ಎಲೆಯಿದ್ದರೆ ಕಡಿಯಬಹುದು. ನಿಯಮಗಳು ಊರಿಂದೂರಿಗೆ ಅಲ್ಪಸ್ವಲ್ಪ ಬದಲಾಗುವುದುಂಟು.

ಈಗ ಲೆಕ್ಕಕ್ಕೆ ಬರೋಣ. ಕೂಗುವಾಗ ನಿಮಗೆ ಕಂಡಿರುವುದು ನಾಲ್ಕೇ ಎಲೆ, ೨೮ ಕಂಡಿಲ್ಲ. ನೀವು ಬಯಸಿದ ಒಂದು ಗುಲಾಮ ಅವುಗಳಲ್ಲಿದ್ದಾನೆ ಎನ್ನಿ. ನಿಮಗೆ ಇನ್ನು ಬರುವುವು ೪ ಎಲೆಗಳು, ಜೊತೆಗಾರರ ಪಾಲು ೮, ಎದುರಾಳಿಗಳದು ೧೬. ಆದ್ದರಿಂದ ಅವನು ನಿಮ್ಮ ಪಕ್ಷಕ್ಕೆ ದೊರೆಯುವ ಸಂಭವ ೧೨/೨೮, ಅಂದರೆ ೩/೭. ಎರಡನೆಯ ಹಂಚಿಕೆಯಲ್ಲಿಯೂ ಅವನು ನಿಮ್ಮ ಕೈಗೆ ಬಾರದಿದ್ದರೆ ಅದು ೮/೨೪, ಅಂದರೆ ೧/೩ಕ್ಕೆ ಇಳಿಯುತ್ತದೆ. ಎಲೆ ಇದ್ದಲ್ಲಿಯೇ ಇದೆ. ಬದಲಾದುದು ನಮ್ಮ ತಿಳಿವಳಿಕೆ. ಜೊತೆಗಾರರು ಧೈರ್ಯವಾಗಿ ಕೂಗಿದ್ದರೆ ಲೆಕ್ಕವು ಮತ್ತೆ ಬದಲಾಗುತ್ತದೆ. ಮಾತಾಡಕೂಡದ ಈ ಆಟದಲ್ಲಿ ಕೂಗೂ ಒಂದು ಭಾಷೆಯೇ.

ಇನ್ನೊಂದು ಪ್ರಶ್ನೆ. ತುರುಫಲ್ಲದ ಆಟೀನು ಜಾತಿಯ ಗುಲಾಮ ನಿಮ್ಮ ಕೈಯಲ್ಲಿದ್ದಾನೆ. ಮೊದಲ ಸುತ್ತಿನಲ್ಲೇ ಅವನನ್ನು ಇಳಿಸಬಹುದೇ? ಆಟೀನಿನ ಎಲೆಗಳು ಬಹಳವಿದ್ದಷ್ಟೂ ಧೈರ್ಯ ಹೆಚ್ಚೆಂದು ತೋರುವುದು ಸಹಜ. ಆದರೆ ನಿಮ್ಮಲ್ಲಿ ಹೆಚ್ಚಿದ್ದರೆ ಉಳಿದವರಲ್ಲಿ ಕಡಿಮೆ ಇರಲೇಬೇಕು. ಆಗ ಎದುರಾಳಿಯ ಕೈಯಲ್ಲಿ ಆ ಜಾತಿಯೇ ಇಲ್ಲದಿರುವ ಭಯ ಹೆಚ್ಚುತ್ತದೆ.

ನಿಮ್ಮಲ್ಲಿ ಮೂರು ಆಟೀನುಗಳಿವೆ ಎನ್ನೋಣ. ಕಾಣದ ೨೪ ಎಲೆಗಳಲ್ಲಿ ಐದು ಆಟೀನು, ಹತ್ತೊಂಬತ್ತು ಇತರ ಜಾತಿಯವು. ೨೪ರಿಂದ ಎಂಟು ಎಲೆಗಳನ್ನು ಆರಿಸುವ ಬಗೆಗಳು ೭,೩೫,೪೭೧. ಆಟೀನಿಲ್ಲದ ೧೯ರಿಂದ ಎಂಟನ್ನು ಆರಿಸುವ ಬಗೆಗಳು ೭೫,೫೮೨. ಆದುದರಿಂದ ಒಬ್ಬ ಎದುರಾಳಿಯ ಕೈಯಲ್ಲಿ ಆಟೀನಿಲ್ಲದಿರುವ ಸಂಭವ ಸುಮಾರು ಹತ್ತರಲ್ಲಿ ಒಂದು. ಎದುರಾಳಿಗಳು ಇಬ್ಬರು, ಇಬ್ಬರಲ್ಲಿಯೂ ಇಲ್ಲದಿರುವ ಅತ್ಯಲ್ಪ ಸಂಭವವನ್ನು ಎರಡು ಸಲ ಎಣಿಸದಂತೆ ಕಳೆದರೆ, ಇಬ್ಬರಲ್ಲಿ ಒಬ್ಬರಾದರೂ ಬರಿಗೈಯಾಗಿರುವ ಸಂಭವ ಐದರಲ್ಲಿ ಒಂದರಷ್ಟಾಗುತ್ತದೆ. ಇದೇ ಕ್ರಮದಿಂದ ಗುಣಿಸಿದರೆ, ಗುಲಾಮನೊಬ್ಬನೇ ಇದ್ದಾಗ ಅದು ಹದಿನೈದರಲ್ಲಿ ಒಂದು ಮಾತ್ರ. ಐದು ಆಟೀನುಗಳಿದ್ದಾಗಲಾದರೋ ನೂರರಲ್ಲಿ ಐವತ್ತೆರಡಕ್ಕೂ ಮಿಗಿಲು! ಬಲವೆಂದು ನಂಬಿದುದೇ ಅಪಾಯದ ಮೂಲವಾಯಿತು. ಬರಿಗೈಯವರಲ್ಲಿ ತುರುಫೂ ಇದ್ದರೆ ನಿಮ್ಮ ಮೂರು ಅಂಕಗಳು ಅವರ ಪಾಲು.

ನಾಲ್ವರಿಗೆ ೩೨ ಎಲೆಗಳನ್ನು ಹಂಚುವ ಬಗೆಗಳು ಒಂದರ ಮುಂದೆ ಹದಿನೇಳು ಸೊನ್ನೆಗಳನ್ನಿಟ್ಟ ಸಂಖ್ಯೆಗೆ ಸಮೀಪ. ಇವನ್ನೆಲ್ಲ ಯಾರೂ ಕಂಠಪಾಠ ಮಾಡಲಾರರು. ಒಳ್ಳೆಯ ಆಟಗಾರರು ಮಾಡುವುದಿಷ್ಟೇ: ಬಿದ್ದ ಎಲೆಗಳನ್ನು ನೆನಪಿಡುತ್ತಾರೆ, ಬೀಳದವನ್ನು ಎಣಿಸುತ್ತಾರೆ, ಯಾರು ಯಾವ ಜಾತಿಯನ್ನು ಇಳಿಸಲಿಲ್ಲವೆಂಬುದನ್ನು ಗಮನಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯೊಬ್ಬರು ಕಾಲೇಜಿನ ಮೊಮ್ಮಗನನ್ನು ಸೋಲಿಸಬಲ್ಲುದು ಈ ಎಚ್ಚರದಿಂದಲೇ. ಒಳ್ಳೆಯ ಎಲೆ ಬರುವುದು ಅದೃಷ್ಟ. ಕಂಡುದರಿಂದ ಕಾಣದುದನ್ನು ಊಹಿಸುವುದು ವಿಚಾರ. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ.

ನಿಮ್ಮಲ್ಲಿ ಗುಲಾಮನೂ ಸೇರಿ ನಾಲ್ಕು ಆಟೀನುಗಳಿದ್ದರೆ ಆ ಸಂಭವವೆಷ್ಟು? ವಾಚಕರು ಗುಣಿಸಿ ನೋಡಲಿ. ಉತ್ತರವು ಮೂರರಲ್ಲಿ ಒಂದಕ್ಕೆ ತೀರ ಸಮೀಪವಾಗಿ ಬರಬೇಕು. ಅನಂತರ ಮೂವರನ್ನು ಕರೆದು ಕೂರಿಸಿಕೊಂಡು, ಎಲೆ ಹಂಚಿ, ಲೆಕ್ಕವನ್ನು ಆಟದಲ್ಲಿಯೇ ಪರೀಕ್ಷಿಸಲಿ.